ನೀರು ಕುಡಿದು ಉಗುಳದ ಮಷೀನು

ಆಳಂದದ ಬಸವಂತರಾಯರ ಮನೆಯ ಪಾತ್ರೆ ತೊಳೆಯುವ ಮಷೀನು ಅವತ್ತು ಮುಂಜಾನೆ ನೀರು ಕುಡಿಯಿತು, ಉಗುಳಲಿಲ್ಲ. ಬಾಯಿ ತುಂಬ ತಾಂಬೂಲ ಇಟ್ಟುಕೊಂಡವರು ಮಾತಿಗೆ ಸಿಕ್ಕಿಬಿದ್ದಂತೆ ಗುಳುಗುಳು ಅಂದು, ಒಂದು ಸಲ ಮೈ ನಡುಗಿಸಿ, ಸುಮ್ಮನಾಯಿತು.

ಬೇರೆ ದಿನವಾಗಿದ್ದರೆ ಅದೇನು ದೊಡ್ಡ ಸುದ್ದಿಯಲ್ಲ. ಆದರೆ ಅವತ್ತು ಮಧ್ಯಾಹ್ನ ಮಗಳು ನೀಲಾಂಬಿಕೆಯನ್ನು ನೋಡಲು ಗೊಬ್ಬೂರಿನಿಂದ ಗೌಡರ ಮನೆಯವರು ಬರುವವರಿದ್ದರು. ಮನೆಯಲ್ಲಿದ್ದ ಒಳ್ಳೆಯ ತಾಟು, ಲೋಟ, ಬಟ್ಟಲುಗಳೆಲ್ಲ ಮಷೀನಿನ ಹೊಟ್ಟೆಯಲ್ಲಿದ್ದವು. ಬಾಗಿಲು ತೆಗೆದು ನೋಡಿದರೆ ಅವು ಸೊಂಟದ ತನಕ ನೀರಿನಲ್ಲಿ ನಿಂತಿದ್ದವು. ನೀರಿನ ಮೇಲೆ ರಾತ್ರಿಯ ಬೇಳೆಯ ಎಣ್ಣೆ ಅರಿಶಿನ ಬಳಿದುಕೊಂಡು ತೇಲುತ್ತಿತ್ತು.

"ತುಳಜಾಬಾಯಿನ್ ಕರ್ಕೊಂಡ್ ಬರ್ರಿ," ಅಂದಳು ಹೆಂಡತಿ ಗುರುಶಾಂತಮ್ಮ.

"ಜೀವ ಹೋದ್ರೂ ಕರೆಯಂಗಿಲ್ಲ," ಅಂದರು ಬಸವಂತರಾಯರು.

ಅದಕ್ಕೆ ಕಾರಣವಿತ್ತು. ಮಷೀನು ಬಂದದ್ದು ಮಸ್ಕತ್ತಿನಿಂದ. ಗುರುಶಾಂತಮ್ಮನ ತಮ್ಮ ನಾಗಣ್ಣ ಅಲ್ಲಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ಅಕ್ಕ ಒಮ್ಮೆ ಫೋನಿನಲ್ಲಿ "ಮುಸುರಿ ತಿಕ್ಕಿ ತಿಕ್ಕಿ ಕೈ ಸವದಾವು ನೋಡಪ" ಅಂದದ್ದನ್ನು ಅವನು ಮನಸ್ಸಿಗೆ ಹಚ್ಚಿಕೊಂಡ. ತಿಕ್ಕುತ್ತಿದ್ದವಳು ಕೆಲಸದ ತುಳಜಾಬಾಯಿ, ಆ ಮಾತು ಬೇರೆ. ಹೋಟೆಲಿನವರು ಹೊಸ ಮಷೀನು ತಂದಾಗ ಅವನು ಹಳೆಯದನ್ನು ಹಡಗಿಗೆ ಹಾಕಿಸಿದ. ಅದು ಮುಂಬಯಿಯಿಂದ ಸೊಲ್ಲಾಪುರಕ್ಕೆ ಲಾರಿಯಲ್ಲಿ, ಸೊಲ್ಲಾಪುರದಿಂದ ಆಳಂದಕ್ಕೆ ಟೆಂಪೋದಲ್ಲಿ ಬಂದು ಇಳಿದಾಗ ಓಣಿಯ ಮಂದಿ ಎಲ್ಲ ಸೇರಿ ಅದನ್ನು ಒಳಗೆ ಹೊತ್ತರು. ಟೀವಿ ಇದ್ದ ಮನೆಗಳೇ ಬೆರಳಲ್ಲಿ ಎಣಿಸುವಷ್ಟಿದ್ದ ಓಣಿ ಅದು. ಅಂಥಲ್ಲಿ ಮುಸುರೆಗೊಂದು ಮಷೀನು ಅಂದರೆ ಬಸವಂತರಾಯರ ಕಾಲು ನೆಲಕ್ಕೆ ಹೇಗೆ ತಾಗೀತು? ಅವರು ಅವತ್ತೇ ತುಳಜಾಬಾಯಿಯನ್ನು ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದ್ದರು.

"ನೋಡ್ ಬೇ ತುಳಜಾಬಾಯಿ, ಇನ್ನ ಮ್ಯಾಲ ಮನಷ್ಯಾನ ಕೈ ಮುಸುರಿ ಮುಟ್ಟಬಾರದು. ಇದು ಮಷೀನ್ ಯುಗ."

"ಹೌದೇನ್ರಿ ಸಾಹೇಬ್ರ?" ಅಂದಿದ್ದಳು ಅವಳು ಸೆರಗು ಝಾಡಿಸಿಕೊಳ್ಳುತ್ತ. "ಯುಗ ಕೆಟ್ಟು ನಿಂತ್ರ ನನಗ ಹೇಳಿ ಕಳಸಬ್ಯಾಡ್ರಿ."

ಮಷೀನು ಬಂದಮೇಲೆ ಪಾತ್ರೆ ತೊಳೆಯುವ ಶ್ರಮವೇನೋ ತಪ್ಪಿತು. ಬದಲಿಗೆ ಮಾಳಿಗೆಯ ಮೇಲಿನ ಡ್ರಮ್ಮಿಗೆ ಕೊಡದಲ್ಲಿ ನೀರು ಹೊರುವ ಶ್ರಮ, ಒಳಗಿಡುವ ಮೊದಲು ಪಾತ್ರೆ ಉಜ್ಜುವ ಶ್ರಮ, ಹೊರತೆಗೆದ ಮೇಲೆ ಒರೆಸುವ ಶ್ರಮ, ಒರೆಸಿದರೂ ಹೋಗದ್ದನ್ನು ಮತ್ತೆ ಉಜ್ಜುವ ಶ್ರಮ ಇಷ್ಟು ಮಾತ್ರ ಬಂದವು. ಮಷೀನು ಶುರುವಾದೊಡನೆ ಓಣಿಯ ದೀಪಗಳೆಲ್ಲ ಮಿಣುಕುತ್ತಿದ್ದವು. "ರಾಯರ ಮನ್ಯಾಗ ಊಟ ಆತು" ಎಂದು ಮಂದಿಗೆ ತಿಳಿಯುತ್ತಿತ್ತು. ಇದನ್ನೆಲ್ಲ ಬಸವಂತರಾಯರು ಪ್ರಗತಿ ಎಂದು ಕರೆಯುತ್ತಿದ್ದರು.

ಈ ಪ್ರಗತಿಯ ವರ್ಣನೆಯನ್ನು ಅವರು ಅಫಜಲಪುರದ ಒಂದು ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಜೋರಾಗಿ ಮಾಡಿದ್ದರು. ಹಿಂದಿನ ಸಾಲಿನಲ್ಲಿ ಗೊಬ್ಬೂರಿನ ಗೌಡರ ಹೆಂಡತಿ ಶಾರದಾಬಾಯಿ ಕೂತಿದ್ದರು. ಅದೇ ಮದುವೆಯಲ್ಲಿ ಶಾರದಾಬಾಯಿಯ ಮಗ, ಜೇವರ್ಗಿಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದವನು, ನೀಲಾಂಬಿಕೆಗೆ ಮೂರು ಸಲ ಮಜ್ಜಿಗೆ ಬಡಿಸಿದ್ದ. ಅವಳು ಮೂರು ಸಲವೂ ಬೇಡ ಅಂದಿರಲಿಲ್ಲ. ಹುಡುಗ ಹುಡುಗಿಯ ಮಟ್ಟಿಗೆ ಮಾತು ಅಲ್ಲೇ ಮುಗಿದಿತ್ತು. ಉಳಿದದ್ದು ಶಾರದಾಬಾಯಿಯ ಒಪ್ಪಿಗೆ. ಅವರಿಂದ ಬಂದ ನಿರೋಪ ಹೀಗಿತ್ತು: "ಮಷೀನ್ ನೋಡಾಕ ಬರ್ತೇವಿ. ಬಂದಾಗ ಹುಡಿಗೀನೂ ನೋಡ್ತೇವಿ."

"ಅಪ್ಪಾ," ಅಂದಳು ನೀಲಾಂಬಿಕೆ ಮಷೀನಿನೊಳಗಿನ ಕೆರೆಯನ್ನು ಇಣುಕಿ, "ಇದರಾಗ ನನ್ನ ಲಗ್ನ ಮುಳಗಾಕತ್ತದ."

"ಫಿಕರ್ ಮಾಡಬ್ಯಾಡವ್ವ. ನಾ ಇದ್ದೇನಲ್ಲ!"

ಅದೇ ಫಿಕರು. ಬಸವಂತರಾಯರು ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕು, ಆದರೆ ಆತ್ಮದಲ್ಲಿ ಮೆಕ್ಯಾನಿಕ್ಕು. ಅವರು ಬಿಚ್ಚಿ ಜೋಡಿಸಿದ ರೇಡಿಯೋ ಈಗ ಎಲ್ಲ ಸ್ಟೇಷನ್ನುಗಳಲ್ಲೂ ಶೇಂಗಾ ಹುರಿಯುತ್ತಿತ್ತು. ಅವರು ಸುಧಾರಿಸಿದ ಮೇಜಿನ ಫ್ಯಾನು ಗಾಳಿಯೊಂದನ್ನು ಬಿಟ್ಟು ಎಲ್ಲವನ್ನೂ ಕೊಡುತ್ತಿತ್ತು: ಸದ್ದು, ನಡುಕ, ಸುಟ್ಟ ವಾಸನೆ.

ಅವರು ಮೊದಲು ಮಷೀನಿನ ಜೊತೆ ಬಂದಿದ್ದ ಪುಸ್ತಕ ಹುಡುಕಿದರು. ಅದು ಅರಬಿಯಲ್ಲಿತ್ತು. ಹಾಗಾಗಿ ಬಲಮನೆಯ ಗೌಸಿಯಾಬೇಗಂ ಬಂದರು. ಅವರ ಗಂಡ ಜಿದ್ದಾದಲ್ಲಿ ಟ್ಯಾಂಕರ್ ಓಡಿಸುತ್ತಿದ್ದ. ಹೀಗಾಗಿ ಸಮುದ್ರದಾಚೆಯ ಯಾವ ವಸ್ತು ಕೆಟ್ಟರೂ ಓಣಿಯಲ್ಲಿ ಅವರಿಗೇ ಕರೆ. ಗೌಸಿಯಾಬೇಗಂ ರೂಢಿಯಂತೆ ತಲೆಗೆ ಸೆರಗು ಹೊದ್ದು, ಪುಸ್ತಕ ಬಿಚ್ಚಿ, ಸ್ಪಷ್ಟವಾದ ಉಚ್ಚಾರದಲ್ಲಿ ಒಂದು ಪುಟ ಓದಿದರು. ಎಷ್ಟು ಚಂದ ಓದಿದರೆಂದರೆ ಗುರುಶಾಂತಮ್ಮ ಕೈ ಮುಗಿದು ನಿಂತಳು.

"ವಾ!" ಅಂದರು ಬಸವಂತರಾಯರು. "ಏನ್ ಅಂತದ್ರಿ ಅದು?"

"ಅದ್ಹೆಂಗ್ ಗೊತ್ತಾಗಬೇಕ್ರಿ?"

"ಈಗ ಓದಿದ್ರಲ್ಲ!"

"ಓದಾಕ ಬರ್ತದ್ರಿ, ಮತಲಬ್ ಬರಂಗಿಲ್ಲ," ಅಂದರು ಗೌಸಿಯಾಬೇಗಂ. "ನೀವು ಆಫೀಸಿನಾಗ ಇಂಗ್ಲಿಷ್ ಓದಂಗಿಲ್ಲೇನು? ಹಂಗ."

ಅಷ್ಟರಲ್ಲಿ ಸುದ್ದಿ ಬೀದಿ ದಾಟಿತ್ತು. ಬೋರ್‌ವೆಲ್ ಪಂಪು ರಿಪೇರಿ ಮಾಡುವ ಖಂಡಪ್ಪ ಯಾರೂ ಕರೆಯದಿದ್ದರೂ ನಟ್ಟು ತಿರುವುವ ಪಾನಾ ಹಿಡಿದು ಬಂದ. ಜಗತ್ತಿನ ಎಲ್ಲ ರೋಗಗಳೂ ಏರ್ ಲಾಕಿನಿಂದ ಬರುತ್ತವೆ ಎಂಬುದು ಖಂಡಪ್ಪನ ಸಿದ್ಧಾಂತ. ಅವನು ಮಷೀನಿನ ಬೆನ್ನಿಗೆ ಕಿವಿ ಹಚ್ಚಿ, ಹೊಟ್ಟೆಗೆ ಎರಡು ಏಟು ಕೊಟ್ಟು, ಎಮ್ಮೆ ನೋಡಿದ ಡಾಕ್ಟರನಂತೆ ಮುಖ ಮಾಡಿದ.

"ಏರ್ ಲಾಕ್ ಆಗ್ಯದ್ರಿ ಸಾಹೇಬ್ರ. ಹಿಂದಿನ ಪೈಪಿಗಿ ಬಾಯಿ ಹಚ್ಚಿ ಒಂದ್ ದಮ್ ಎಳೀಬೇಕು."

"ಯಾರು?"

"ನಂದು ಸೋಮವಾರದ ಒಪ್ಪತ್ತು ಐತ್ರಿ," ಅಂದ ಖಂಡಪ್ಪ ಭಕ್ತಿಯಿಂದ.

ಬಸವಂತರಾಯರು ಮಗಳ ಮುಖ ನೋಡಿದರು. ನೆಲಕ್ಕೆ ಮಂಡಿಯೂರಿ, ಹಾವಿನಂತೆ ಮಡಿಚಿ ಬಿದ್ದಿದ್ದ ಪೈಪಿಗೆ ಬಾಯಿ ಹಚ್ಚಿ ಎಳೆದರು. ಮೊದಲ ದಮ್ಮಿಗೆ ಏನೂ ಬರಲಿಲ್ಲ. ಎರಡನೆಯದಕ್ಕೆ ಮಷೀನಿನೊಳಗೆ ಏನೋ ಗೊರಕೆ ಹೊಡೆಯಿತು. ಮೂರನೆಯದಕ್ಕೆ ನಿನ್ನೆಯ ಬೇಳೆ, ಮೊನ್ನೆಯ ಪುಂಡಿಪಲ್ಲೆ ಮತ್ತು ಯಾವತ್ತಿನದೋ ಗೊತ್ತಿಲ್ಲದ ಬದನೆಕಾಯಿ ತೊಟ್ಟು ಎಲ್ಲ ಒಟ್ಟಿಗೆ ಬಂದು ಅವರ ಬಾಯಿ ತುಂಬಿದವು. ಹಿಂದೆಯೇ ನೀರು ಭರ್ರನೆ ಹರಿದು ಬಚ್ಚಲಿಗೆ ಇಳಿಯಿತು.

"ನಾ ಹೇಳಿಲ್ಲೇನು?" ಅಂದ ಖಂಡಪ್ಪ. ಬಸವಂತರಾಯರು ತೊಟ್ಟಿಯ ಬಳಿ ಬಗ್ಗಿ ತಮ್ಮ ಮನೆಯ ಒಂದು ವಾರದ ಊಟವನ್ನು ವಾಪಸು ಕೊಡುತ್ತಿದ್ದರು.

ತಳದ ಜಾಳಿಗೆಯನ್ನು ತಿರುವಿ ತೆಗೆದಾಗ ಕಾಯಿಲೆಯ ಮೂಲ ಸಿಕ್ಕಿತು. ಹುಣಸೆಬೀಜ, ಶೇಂಗಾ ಸಿಪ್ಪೆ, ರೊಟ್ಟಿಯ ಚೂರು, ಗುರುಶಾಂತಮ್ಮ ದೀಪಾವಳಿಯಿಂದ ಹುಡುಕುತ್ತಿದ್ದ ಸೇಫ್ಟಿ ಪಿನ್ನು, ಎಲ್ಲ ಅಲ್ಲಿ ಕೂಡು ಕುಟುಂಬ ಕಟ್ಟಿಕೊಂಡು ಕುಳಿತಿದ್ದವು. ಬಸವಂತರಾಯರು ಜಾಳಿಗೆ ತೊಳೆದು, ಪೈಪಿನ ಮಡಿಕೆ ಬಿಡಿಸಿ ಬಟನ್ನು ಒತ್ತಿದರು. ಮಷೀನು ಗುಡುಗಿತು. ಓಣಿಯ ದೀಪ ಮಿಣುಕಿತು. ಅವರು ಮೀಸೆ ತಿರುವಿದರು.

ಆದರೆ ಬಾಗಿಲು ತೆಗೆದಾಗ ತಾಟುಗಳು ತೊಳೆಯದೆ ಹಾಗೇ ಇದ್ದವು. ಮೇಲೆ ಇಷ್ಟಿಷ್ಟು ದಪ್ಪದ ಬಿಳಿ ಪಟ್ಟೆ ಮೂಡಿತ್ತು. ವಿಭೂತಿ ಧರಿಸಿ ಪೂಜೆಗೆ ಕೂತಂತೆ ಸಾಲಾಗಿ ಕೂತಿದ್ದವು.

"ಆಳಂದ ನೀರಿನ ಸುಣ್ಣ ಅದು," ಅಂದಳು ಗುರುಶಾಂತಮ್ಮ. "ತಿರಗೂ ರೆಕ್ಕಿ ತೂತು ನೋಡ್ರಿ, ಎಲ್ಲಾ ಮುಚ್ಚ್ಯಾವು."

ಖರೆ. ನೀರು ಚಿಮ್ಮುವ ರೆಕ್ಕೆಯ ತೂತುಗಳೆಲ್ಲ ಸುಣ್ಣ ಹಿಡಿದು ಕಲ್ಲಾಗಿದ್ದವು. ಬಸವಂತರಾಯರು ಅದೇ ಸೇಫ್ಟಿ ಪಿನ್ನು ಹಿಡಿದು ಕೂತು ಒಂದೊಂದೇ ತೂತು ಚುಚ್ಚಿದರು, ಲಿಂಬೆಹಣ್ಣು ತಿಕ್ಕಿದರು. ಮನೆಯ ಲಿಂಬೆಹಣ್ಣೆಲ್ಲ ಮುಗಿದು ಎಡಮನೆಯದೂ ಮುಗಿಯಿತು. ಕೊನೆಗೆ ರೆಕ್ಕೆ ಬೆರಳು ತಾಗಿದರೆ ಗಿರ್ರನೆ ತಿರುಗುವ ಹಾಗಾಯಿತು. ಈಗ ಸಾಬೂನಿನ ಪುಡಿ ಹಾಕಬೇಕು. ನಾಗಣ್ಣ ಕಳಿಸಿದ್ದ ಡಬ್ಬಿ ಖಾಲಿ.

"ನಮ್ಮನ್ಯಾಗ ಅರಿವಿ ಒಗೆಯೂ ಪುಡಿ ಅದ," ಅಂದರು ಗೌಸಿಯಾಬೇಗಂ. "ಆದ್ರ ಅದು ಇದಕ್ಕ ನಡೀತದೋ ಇಲ್ಲೋ..."

"ಅರಿವೀಗಿ ನಡೀತದ ಅಂದ್ರ ಭಾಂಡೆಕ್ಕ ಯಾಕ ನಡಿಯಂಗಿಲ್ಲ?" ಅಂದರು ಬಸವಂತರಾಯರು. "ಹೊಲಸಿಗಿ ಜಾತಿ ಅದೇನ್ರಿ?" ಎಂದು ಬೊಗಸೆ ತುಂಬ ಪುಡಿ ಸುರಿದು, ಗೊಬ್ಬೂರಿನವರ ಗೌರವಾರ್ಥ ಮತ್ತೊಂದು ಬೊಗಸೆ ಸುರಿದು, ಬಾಗಿಲು ಮುಚ್ಚಿದರು.

ಮೊದಲು ಬಾಗಿಲ ಸಂದಿಯಿಂದ ಒಂದೇ ಒಂದು ಗುಳ್ಳೆ ಬಂತು. ಮಗುವಿನ ಮೂಗಿನಲ್ಲಿ ಬರುವಂಥ ಬಡಪಾಯಿ ಗುಳ್ಳೆ. ಆಮೇಲೆ ಅದರ ಬಂಧುಬಳಗ ಬಂತು. ನೋಡುನೋಡುತ್ತ ಹಾಲು ಉಕ್ಕಿದ ಹಾಗೆ ನೊರೆ ಉಕ್ಕಿ ಅಡುಗೆಮನೆಯ ನೆಲ ಮುಚ್ಚಿತು, ಒಲೆಯ ಕಟ್ಟೆ ಹತ್ತಿತು, ರೊಟ್ಟಿಯ ಬುಟ್ಟಿಯನ್ನು ತೇಲಿಸಿತು. ಖಂಡಪ್ಪ "ಇದು ಏರ್ ಲಾಕ್ ಅಲ್ರಿ" ಎಂದು ಜೀವನದಲ್ಲಿ ಮೊದಲ ಸಲ ಒಪ್ಪಿಕೊಂಡು, ಪಾನಾ ಎತ್ತಿಕೊಂಡು ಮನೆಗೆ ನಡೆದ. ಬಸವಂತರಾಯರು ಮಷೀನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಬೆನ್ನ ಹಿಂದೆ ಚಟ್ ಅಂತು. ನೀಲಿ ಬೆಂಕಿಯ ಕಿಡಿ ಹಾರಿ ಅಡುಗೆಮನೆಯ ಫ್ಯೂಸು ಸುಟ್ಟಿತು. ಮಷೀನು ಒಮ್ಮೆ ನಿಟ್ಟುಸಿರು ಬಿಟ್ಟು ತಣ್ಣಗಾಯಿತು.

ಅದೇ ಹೊತ್ತಿಗೆ ಹೊರಗೆ ಜೀಪಿನ ಹಾರ್ನು ಕೇಳಿತು.

ಮೊದಲು ಇಳಿದವರು ಶಾರದಾಬಾಯಿ. ಸಣ್ಣ ಆಳು, ಸೊಂಟದಲ್ಲಿ ಬೀಗದ ಕೈಗೊಂಚಲು, ನೋಟದಲ್ಲೇ ಮೂಲೆ ಗುಡಿಸುವಂಥ ಕಣ್ಣು. ಹಿಂದೆ ಇಳಿದವರು ಅವರ ಗಂಡ ದೊಡ್ಡಪ್ಪಗೌಡರು. ಬಾಗಿಲ ಚೌಕಟ್ಟಿಗೆ ಬಗ್ಗಿ ಬರಬೇಕಾದಷ್ಟು ಎತ್ತರ, ತಲೆಗೆ ಕೆಂಪು ಪಟಕಾ, ತಲೆಬಾಗಿಲಿಗೆ ಜಡಿದ ಅಗುಳಿಯಂಥ ಮೀಸೆ. ಗೊಬ್ಬೂರಿನ ಕಟ್ಟೆಯ ಮೇಲೆ ಅವರು ಒಮ್ಮೆ ಕೆಮ್ಮಿದರೆ ಅರ್ಧ ಜಗಳ ಮುಗಿಯುತ್ತಿತ್ತಂತೆ.

"ಬರ್ರಿ ಬರ್ರಿ, ಕುಂಡ್ರಿ," ಅಂದರು ಬಸವಂತರಾಯರು. ಅವರ ಒಂದು ಕಿವಿಯಲ್ಲಿ ಇನ್ನೂ ನೊರೆ ಇತ್ತು.

"ಕುಂಡ್ರೂದು ಆಮ್ಯಾಲ," ಅಂದರು ಶಾರದಾಬಾಯಿ. "ಮಷೀನ್ ಎಲ್ಲದ?"

ಗುರುಶಾಂತಮ್ಮನ ಮುಖ ಬಿಳಿಚಿತು. ಆದರೆ ನೀಲಾಂಬಿಕೆ ರೇಷ್ಮೆ ಸೀರೆ ಎತ್ತಿ ಕಟ್ಟಿ ಅಷ್ಟರೊಳಗೆ ನೆಲದ ನೊರೆಯನ್ನು ಬಚ್ಚಲಿಗೆ ತಳ್ಳಿದ್ದಳು. ತಳ್ಳಿದ್ದಷ್ಟೇ ಅಲ್ಲ, ಅಪ್ಪ ಸುಧಾರಿಸಿದ ಮೇಜಿನ ಫ್ಯಾನನ್ನು ಪಕ್ಕದ ಕೋಣೆಯ ಕರೆಂಟಿಗೆ ಹಚ್ಚಿ ಮಷೀನಿನ ಹಿಂದೆ ಅಡಗಿಸಿಟ್ಟಿದ್ದಳು. ಫ್ಯಾನು ತನ್ನ ಜೀವಮಾನದ ಸಂಕಟವನ್ನೆಲ್ಲ ತೋಡಿಕೊಳ್ಳುತ್ತ ನರಳುತ್ತಿತ್ತು. ಮಷೀನಿನ ಮೈ ನಡುಗುತ್ತಿತ್ತು.

ಶಾರದಾಬಾಯಿ ಬಾಗಿಲಿಗೆ ಕಿವಿ ಇಟ್ಟು ಕೇಳಿದರು.

"ಅಯ್ಯ ಶಿವನ, ಎಷ್ಟ್ ದುಡ್ಯಾಕತ್ತದ ಇದು! ತಗದು ತೋರಸ್ರಿ."

"ನಡುವ ತಗದ್ರ ಅದಕ್ಕ ಗಾಳಿ ಬಡೀತದ್ರಿ," ಅಂದರು ಬಸವಂತರಾಯರು. "ಬಾಣಂತಿ ಇದ್ದಂಗ. ಜರಾ ತಡೀರಿ, ತಾಟು ನಾನ ತಗದು ತರ್ತೇನಿ."

ಶಾರದಾಬಾಯಿ ಒಲ್ಲದ ಮನಸ್ಸಿನಿಂದ ಪಡಸಾಲೆಗೆ ಹೋಗಿ ಕೂತರು. ನೀಲಾಂಬಿಕೆಯನ್ನು ಎದುರಿಗೆ ಕೂಡಿಸಿಕೊಂಡು, ಗುರುಶಾಂತಮ್ಮನನ್ನು ಪಕ್ಕಕ್ಕೆ ಎಳೆದುಕೊಂಡು ಪ್ರಶ್ನೆ ಕೇಳಲು ಹತ್ತಿದರು. ಹೀಗೆ ಮನೆಯ ಹೆಣ್ಣುಮಕ್ಕಳಿಬ್ಬರೂ ಸೆರೆಯಾದರು. ಊಟಕ್ಕೆ ತಾಟು ಬೇಕು. ತಾಟು ತೊಳೆಯಬಲ್ಲ ಸ್ವತಂತ್ರ ಜೀವಿ ಆ ಮನೆಯಲ್ಲಿ ಒಂದೇ ಒಂದು ಉಳಿದಿತ್ತು.

ಬಸವಂತರಾಯರು ಕಳ್ಳನಂತೆ ತಾಟುಗಳನ್ನು ಹಿತ್ತಲಿಗೆ ಸಾಗಿಸಿದರು. ಹಿತ್ತಲ ಗೋಡೆಯಾಚೆ ತುಳಜಾಬಾಯಿಯ ಮನೆ.

"ತುಳಜಾಬಾಯಿ," ಎಂದು ಪಿಸುಗುಟ್ಟಿದರು. "ಏ ತುಳಜವ್ವಾ, ಇಜ್ಜತಿನ ಸವಾಲದ. ಒಂದ್ ಸಲ ಬಾ."

ಗೋಡೆಯ ಮೇಲೆ ತುಳಜಾಬಾಯಿಯ ಮುಖ ಮೂಡಿತು. ಅವಳು ಗೋಡೆಗೆ ಮೊಣಕೈ ಊರಿ, ಎಲೆಗೆ ಸುಣ್ಣ ಸವರುತ್ತ, ಕೆಟ್ಟು ನಿಂತ ಮಷೀನ್ ಯುಗವನ್ನು ನಿಧಾನವಾಗಿ ನೋಡಿದಳು.

"ಮನಷ್ಯಾನ ಕೈ ಮುಟ್ಟಬಾರದಲ್ರಿ ಸಾಹೇಬ್ರ."

"ಆ ಮಾತು ಮರಿ ಬೇ!"

"ನಾ ಮರೀತೇನ್ರಿ. ಓಣಿ ಮಂದಿ ಮರಿಬೇಕಲ್ಲ?" ಅಂದಳು ತುಳಜಾಬಾಯಿ. "ನೀವೇ ತಿಕ್ಕರಿ. ನಾ ಹೇಳಿ ಕೊಡ್ತೇನಿ. ಒಲಿ ಬೂದಿ ತಗೋರಿ. ಅಷ್ಟಲ್ಲ, ಏನ್ ಮೈಗಿ ಹಚ್ಚಿಕೋತೀರೇನು? ಹೂಂ, ಈಗ ನಾರು. ಕುಂಡ್ರೂದು ಹಂಗಲ್ರಿ, ಧೋತ್ರ ಕಟ್ಟರಿ ಮ್ಯಾಲ."

ಹೆಡ್ ಕ್ಲಾರ್ಕರು ಧೋತ್ರ ಕಟ್ಟಿ ಕುಕ್ಕರಗಾಲಲ್ಲಿ ಕೂತು ತಿಕ್ಕಿದರು. ಹತ್ತಾರು ಗುಮಾಸ್ತರ ಮೇಲೆ ಅಧಿಕಾರ ನಡೆಸಿದ ಕೈ ಅದು, ಈಗ ಪಲ್ಲೆಯ ಬಟ್ಟಲಿನ ಮುಂದೆ ಸೋಲುತ್ತಿತ್ತು. ಅಂತೂ ತಾಟು ಹೊಳೆದವು. ತುಳಜಾಬಾಯಿ ಈ ಸುದ್ದಿಯನ್ನು ಒಬ್ಬಳೇ ಇಟ್ಟುಕೊಳ್ಳುವುದು ಪಾಪವೆಂದು ಬಗೆದು ಓಣಿಗೆ ಹಂಚಲು ಇಳಿದುಹೋದಳು.

ಪಡಸಾಲೆಯಲ್ಲಿ ಶಾರದಾಬಾಯಿ ತಾಟನ್ನು ಬೆಳಕಿಗೆ ಹಿಡಿದು ತಿರುವಿದರು. "ನನ್ನ ಮಾರಿ ಕಾಣಾಕತ್ತದ!" ಅಂದರು. ಅವರು ಅಷ್ಟು ಹಿಗ್ಗಿದ್ದನ್ನು ಮದುವೆಯಾದಮೇಲೆ ಮೊದಲ ಸಲ ನೋಡಿದಂತೆ ದೊಡ್ಡಪ್ಪಗೌಡರು ಕಣ್ಣು ಅಗಲಿಸಿದರು. ಹೋಳಿಗೆ, ತುಪ್ಪ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಆಯಿತು. ಊಟ ಮುಗಿದು ಕೈ ತೊಳೆದರೂ ಶಾರದಾಬಾಯಿಯ ಅನುಮಾನ ಮುಗಿದಿರಲಿಲ್ಲ.

"ಈಗ ಈ ಎಂಜಲ ತಾಟು ನನ್ನ ಕಣ್ಣ ಮುಂದ ಒಳಗ ಇಡ್ರಿ. ನಾ ಇದ್ದಾಗನ ಹೊರಗ ಬರಬೇಕು. ಅಂದ್ರ ನಾ ನಂಬತೇನಿ."

ಬಸವಂತರಾಯರು ತಾಟುಗಳನ್ನು ಶಾಸ್ತ್ರೋಕ್ತವಾಗಿ ಒಳಗಿಟ್ಟು ಬಾಗಿಲು ಮುಚ್ಚಿ, ಸತ್ತ ಬಟನ್ನನ್ನು ಬೆರಳಲ್ಲಿ ಘನತೆಯಿಂದ ಒತ್ತಿದರು. ಹಿಂದಿನಿಂದ ನೀಲಾಂಬಿಕೆ ಫ್ಯಾನು ಹಚ್ಚಿದಳು. ಶಾರದಾಬಾಯಿ ಸ್ವಲ್ಪ ಹೊತ್ತು ಅಲ್ಲೇ ಮಣೆ ಹಾಕಿ ಕೂತರು. ಆದರೆ ಹೋಳಿಗೆಯ ತುಪ್ಪ ಅಂಥ ಕಣ್ಣನ್ನೂ ಮಣಿಸಿತು. ಗುರುಶಾಂತಮ್ಮ ಮೆಲ್ಲಗೆ ಪಡಸಾಲೆಗೆ ಕರೆದೊಯ್ದು ದಿಂಬು ಕೊಟ್ಟಳು. ಅವರ ಗೊರಕೆ ಫ್ಯಾನಿನ ನರಳಿಕೆಗೆ ಜೊತೆಯಾಯಿತು.

ಬಸವಂತರಾಯರು ತಾಟುಗಳನ್ನೆತ್ತಿ ಹಿತ್ತಲಿಗೆ ಓಡಿದರು. ಇನ್ನೊಂದು ಸುತ್ತು ತಿಕ್ಕಿಬಿಟ್ಟರೆ ಮಗಳ ಮದುವೆ ಗಟ್ಟಿ. ಧೋತ್ರ ಕಟ್ಟಿದರು, ಬೂದಿ ತೆಗೆದುಕೊಂಡರು. ಮೊದಲ ತಾಟಿನ ನಡುಮಧ್ಯೆ ನಾರು ಆಡಿಸುತ್ತಿದ್ದಾಗ ಅವರ ಮೇಲೆ ಒಂದು ದೊಡ್ಡ ನೆರಳು ಬಿತ್ತು.

ತಾಂಬೂಲ ಉಗುಳಲು ಬಂದ ದೊಡ್ಡಪ್ಪಗೌಡರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

ಬಸವಂತರಾಯರ ಕೈಯಲ್ಲಿ ತಾಟು, ಮೊಣಕೈ ತನಕ ಬೂದಿ, ಹಣೆಯ ಮೇಲೆ ಬೆವರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಮಷೀನಿಗೆ ನೈವೇದ್ಯ ಎನ್ನಲೇ? ವ್ಯಾಯಾಮ ಎನ್ನಲೇ? ಮಗಳು ಸೀರೆ ಎತ್ತಿ ಕಟ್ಟಿ ನೊರೆ ತಳ್ಳಿದ್ದು ಕಣ್ಣ ಮುಂದೆ ಬಂತು. ತಾಟು ಕೆಳಗಿಟ್ಟರು.

"ಗೌಡ್ರ," ಅಂದರು. "ತಪ್ಪು ನಂದು. ಹುಡಿಗೀದು ಏನೂ ಇಲ್ರಿ."

ದೊಡ್ಡಪ್ಪಗೌಡರು ತಾಂಬೂಲ ಉಗುಳಿದರು. ಹಿಂತಿರುಗಿ ಒಳಗೆ ನೋಡಿದರು, ಗೊರಕೆ ಕೇಳಿಸುತ್ತಿರುವುದನ್ನು ಖಾತ್ರಿ ಮಾಡಿಕೊಂಡರು. ಹಿತ್ತಲ ಬಾಗಿಲನ್ನು ಸದ್ದಾಗದಂತೆ ಎಳೆದು ಹೊರಗಿನಿಂದ ಚಿಲಕ ಹಾಕಿದರು. ತಲೆಯ ಪಟಕಾ ತೆಗೆದು ಗೂಟಕ್ಕೆ ಸಿಕ್ಕಿಸಿದರು. ಆಮೇಲೆ ಆ ಆರಡಿ ಮೇಲಿನ ದೇಹ ಧೋತ್ರ ಕಟ್ಟಿ ಬಸವಂತರಾಯರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿತು.

"ಸರೀರಿ ಜರಾ," ಅಂದರು. "ಹಿಂಗಲ್ಲ. ನಡು ತಿಕ್ಕಿದ್ರ ಹೊಳೀತದ ಖರೆ, ಅಂಚಿನಾಗ ಎಣ್ಣಿ ಉಳೀತದ. ಆಕಿ ಅಂಚಿಗಿ ಬೆರಳು ಹಚ್ಚಿ ನೋಡ್ತಾಳ."

ಅವರ ಕೈಯಲ್ಲಿ ತಾಟು ಬುಗುರಿಯಂತೆ ತಿರುಗಿತು. ಬಸವಂತರಾಯರು ಬಾಯಿ ತೆರೆದುಕೊಂಡೇ ಕೂತರು.

"ನೀವು... ಗೌಡ್ರ..."

"ಮೂವತ್ತು ವರ್ಷಾತು," ಅಂದರು ದೊಡ್ಡಪ್ಪಗೌಡರು. "ಲಗ್ನಾದ ಹೊಸದರಾಗ ಒಂದ್ ದಿನ ಪ್ರೀತೀಲೆ ಆಕೀದು ಒಂದ್ ಲೋಟ ತೊಳದು ಕೊಟ್ಟೆ. ಅದ ತಪ್ಪಾತು. ಆಮ್ಯಾಲ ಮನಿಗಿ ಬಂದ ಕೆಲಸದಾಕಿ ಒಬ್ಬಾಕಿನೂ ನಿಂದರಲಿಲ್ರಿ. ಒಬ್ಬಾಕಿ ತಿಕ್ಕಿದ್ದು ಹೊಲಸಂತ, ಇನ್ನೊಬ್ಬಾಕಿ ತಾಟು ಸವಸ್ತಾಳಂತ. ಕಡೀಕ ಅಂದ್ಲು, ನಿಮ್ಮಂಗ ಬರೋಬ್ಬರಿ ಯಾರೂ ತಿಕ್ಕಂಗಿಲ್ಲ ಅಂತ. ಹೊಗಳಿದ್ಲಂತ ಖುಷಿ ಆಗಿದ್ದೆ ನಾ, ಹುಚ್ಚು."

"ಊರ ಮಂದಿಗಿ..."

"ಹಿತ್ತಲ ಗ್ವಾಡಿ ಎತ್ತರಿಸಿ ಕಟ್ಟಿಸೀನಿ. ಮುಂಜಾನಿ ಹೊತ್ತು ಯಾರರ ಬಂದ್ರ, ಗೌಡ್ರು ಪೂಜಾಕ್ಕ ಕುಂತಾರ ಅಂತಾಳ ಆಕಿ." ಗೌಡರು ಲೋಟದೊಳಗೆ ಎರಡು ಬೆರಳು ಆಡಿಸಿದರು. "ನಿಮ್ಮ ಮಷೀನಿನ ಸುದ್ದಿ ಕೇಳಿ ನಾ ಎಷ್ಟ್ ಆಸೀಲೆ ಬಂದಿದ್ದೆ ಗೊತ್ತೇನ್ರಿ? ನಿನ್ನಿ ಘತ್ತರಗಿಗಿ ಹೋಗಿ ಭಾಗ್ಯವಂತಿ ದೇವಿಗಿ ಕಾಯಿ ಒಡಸೀನಿ. ಇಲ್ಲಿ ಬಂದು ನೋಡಿದ್ರ, ಮಷೀನ್ ಅಂದ್ರ ನೀವು."

ಗೌಡರ ಕಣ್ಣಲ್ಲಿ ನೀರಿತ್ತು. ಬೂದಿ ಹಾರಿದ್ದಕ್ಕೂ ಇರಬಹುದು. ಬಸವಂತರಾಯರು ಬೂದಿಯನ್ನು ಅವರತ್ತ ಸರಿಸಿದರು. ಇಬ್ಬರೂ ತಾಟು ಹಂಚಿಕೊಂಡು ತಿಕ್ಕಿದರು. ದೊಡ್ಡ ಮನುಷ್ಯರ ನಡುವೆ ಇಂಥ ಆತ್ಮೀಯತೆ ಅಪರೂಪ.

"ಒಳಗ ಹೇಳ್ತೀರೇನ್ರಿ ಗೌಡ್ರ?" ಎಂದು ಕೊನೆಗೆ ಕೇಳಿದರು.

"ಹೇಳಿ ನನಗೇನ್ ಲಾಭ?" ಅಂದರು ದೊಡ್ಡಪ್ಪಗೌಡರು. ಬಸವಂತರಾಯರ ಪಾಲಿನ ತೊಳೆದ ತಾಟೊಂದನ್ನು ಎತ್ತಿ ಅಂಚಿಗೆ ಬೆರಳು ಆಡಿಸಿದರು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಬಸವಂತರಾಯರ ಕೈ ಹಿಡಿದು ತಿರುವಿ ನೋಡಿದರು. "ಕೈ ಪಳಗಿಲ್ಲ. ಆದ್ರ ಜಡ ಇಲ್ಲ." ಯಾಕೋ ಅವರ ಮೀಸೆ ನಿಧಾನವಾಗಿ ಮೇಲೇರಿತು. "ನೀವು ಫಿಕರ್ ಬಿಡ್ರಿ ಬೀಗರ."

ಬೀಗರ! ಬಸವಂತರಾಯರಿಗೆ ಆ ಬೂದಿಗೈಯಲ್ಲೇ ಅವರ ಕಾಲು ಹಿಡಿಯಬೇಕೆನ್ನಿಸಿತು.

ಶಾರದಾಬಾಯಿ ಎದ್ದು ಬಂದಾಗ ತಾಟುಗಳು ಮಷೀನಿನೊಳಗೆ ಸಾಲಾಗಿ ಮಿಂಚುತ್ತಿದ್ದವು. ಬಾಗಿಲನ್ನು ಅವರೇ ಸ್ವತಃ ತೆರೆದರು. ಒಂದು ತಾಟು ಎತ್ತಿ ಅಂಚಿಗೆ ಬೆರಳು ಹಚ್ಚಿದರು. ಮೂಸಿದರು. ಇನ್ನೊಂದು ಎತ್ತಿದರು.

"ಅಂಚು ಸುದ್ದಾ ಸ್ವಚ್ಛ!" ಎಂದು ಉದ್ಗರಿಸಿದರು. "ಏನಂತೀರಿ ಇದಕ್ಕ! ಥೇಟ್ ನಮ್ಮನ್ಯಾಗ ತೊಳದಂಗ ಅದ!"

ದೊಡ್ಡಪ್ಪಗೌಡರು ಮಾಳಿಗೆಯ ತೊಲೆ ನೋಡುತ್ತ ಕೆಮ್ಮಿದರು.

ಮುಂದಿನದೆಲ್ಲ ಸರಸರ ಆಯಿತು. ಶಾರದಾಬಾಯಿ ನೀಲಾಂಬಿಕೆಯ ಹಣೆಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಕಾಯಿ ಇಟ್ಟು, ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ನೀಲಾಂಬಿಕೆ ತಲೆ ಬಗ್ಗಿಸಿ ನಕ್ಕಳು. ಗುರುಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಸವಂತರಾಯರಿಗೆ ಬೆಳಗಿನಿಂದ ಬಾಯಲ್ಲಿ ಉಳಿದಿದ್ದ ಬದನೆಕಾಯಿ ತೊಟ್ಟಿನ ರುಚಿ ಆಗ ಹೋಯಿತು. ಎಲ್ಲ ಮುಗಿಯಿತು ಅಂದುಕೊಂಡರು. ದೊಡ್ಡಪ್ಪಗೌಡರು ಮತ್ತೊಮ್ಮೆ ಕೆಮ್ಮಿದರು.

"ಇನ್ನೊಂದು ಮಾತದ," ಅಂದರು. "ಈ ಸಲ ಶ್ರಾವಣದಾಗ ನಮ್ಮನ್ಯಾಗ ದಾಸೋಹ ಇಟ್ಟೇವಿ. ತಿಂಗಳ ಪೂರಾ ಊರಿಗೂರ ಉಣ್ಣತದ, ಎರಡೂ ಹೊತ್ತು. ತಾಟಿನ ರಾಶಿ ಬೀಳ್ತದ. ಬೀಗ್ರು ಮಷೀನ್ ತಗೊಂಡು ಬರಬೇಕು."

"ಮಷೀನೇನ್ರಿ, ಟೆಂಪೋದಾಗ ಕಳಸ್ತೇನಿ..." ಅಂದರು ಬಸವಂತರಾಯರು ಗಾಬರಿಯಿಂದ.

"ಬರೇ ಮಷೀನ್ ತಗೊಂಡು ನಾವೇನ್ ಮಾಡೂಣು? ಅದನ್ನ ನಡಸೂದು ಬ್ಯಾರೆಯವರಿಗಿ ಬರಂಗಿಲ್ಲ. ನಾ ಇವತ್ತ ಹತ್ರ ಕುಂತು ನೋಡೀನಿ. ನೀವ ಸ್ವತಾ ಬರಬೇಕು. ಶ್ರಾವಣ ಪೂರಾ."

"ಖರೆ ಅಂದ್ರಿ!" ಎಂದು ಶಾರದಾಬಾಯಿ ಕುಣಿಯುವುದೊಂದು ಬಾಕಿ. "ನನ್ನ ಮನಸಿನಾಗಿಂದ ಕಸಗೊಂಡು ಅಂದ್ರಿ. ಬೀಗರು ಒಪ್ಪಿಕೊಂಡ್ರ ನಾ ಈಗಿಂದೀಗ ಲಗ್ನದ ದಿನ ಹಿಡಸ್ತೇನಿ."

ಎಲ್ಲರೂ ಬಸವಂತರಾಯರನ್ನು ನೋಡಿದರು. ಅವರು ಮಗಳನ್ನು ನೋಡಿದರು. ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ತಲೆ ಆಡಿಸಿದರು.

ಸಂಜೆ ಜೀಪು ಹತ್ತುವ ಮುಂದೆ ದೊಡ್ಡಪ್ಪಗೌಡರು ಎಲ್ಲರೆದುರು ಬಸವಂತರಾಯರನ್ನು ಅಪ್ಪಿಕೊಂಡರು. ಓಣಿಯ ಮಂದಿ ಬಾಗಿಲುಗಳಲ್ಲಿ ನಿಂತು ಈ ಸಂಬಂಧದ ಗಟ್ಟಿತನಕ್ಕೆ ತಲೆದೂಗಿದರು. ಗೌಡರ ಮೀಸೆ ಬಸವಂತರಾಯರ ಕಿವಿಗೆ ಚುಚ್ಚುತ್ತಿತ್ತು.

"ಮೂವತ್ತು ವರ್ಷ ಒಬ್ಬನ ತಿಕ್ಕೀನ್ರಿ ಬೀಗರ," ಎಂದು ಅವರು ಪಿಸುಗುಟ್ಟಿದರು. "ಶಿವಾ ಅಂದ್ರ ಈಗ ಜೋಡಿ ಸಿಕ್ತು. ಬೂದಿ, ನಾರು ಎಲ್ಲಾ ನಾ ತಯಾರ್ ಇಡ್ತೇನಿ. ಮಷೀನ್ ತರೂದೊಂದು ಮರೀಬ್ಯಾಡ್ರಿ. ಅದನ್ನ ಅಡ್ಡ ನಿಂದ್ರಿಸಿದ್ರ ಅದರ ಹಿಂದ ನಾವಿಬ್ರೂ ಆರಾಮ ಕುಂಡ್ರಬಹುದು."